ಹೆಬ್ಬೆರಳಿನ ಪಂಚಾಯಿತಿ

ಪಿಯುಸಿ ಭೌತಶಾಸ್ತ್ರದ ಪರೀಕ್ಷೆ ನಡೆಯುವ ಕೊಠಡಿಗೆ ಯಾರಾದರೂ ಇಣುಕಿದರೆ ಭರತನಾಟ್ಯದ ಮುದ್ರಾಭ್ಯಾಸ ನಡೆದಿದೆ ಎಂದುಕೊಂಡಾರು. ಒಬ್ಬ ಬೆರಳು ಮಡಚಿ ಹೆಬ್ಬೆರಳೆತ್ತಿದ್ದಾನೆ, ಇನ್ನೊಬ್ಬಳು ಮಣಿಕಟ್ಟು ತಿರುಚಿ ಗೋಡೆ ತೋರಿಸುತ್ತಿದ್ದಾಳೆ. ಕಾಂತಕ್ಷೇತ್ರದ ದಿಕ್ಕು ಹುಡುಕುವ ಬಲಗೈ ನಿಯಮವಂತೆ. ಬಲಗೈಲಿ ಪೆನ್ನಿದೆಯಲ್ಲ ಎಂದು ಎಡಗೈ ಎತ್ತಿದವನ ಕಥೆ ಮುಗಿಯಿತು, ಉತ್ತರ ಉಲ್ಟಾ.

ವಿದ್ಯುತ್ತಿಗಾಗಲಿ ಕಾಂತಕ್ಕಾಗಲಿ ಎಡ-ಬಲದ ಭೇದವಿಲ್ಲ. ಈ ಪಂಚಾಯಿತಿಯೆಲ್ಲ ತಂದಿಟ್ಟದ್ದು ಕ್ರಾಸ್ ಪ್ರಾಡಕ್ಟ್, ಅಂದರೆ ಎರಡು ವೆಕ್ಟರ್ (ಉದ್ದವೂ ದಿಕ್ಕೂ ಇರುವ ಬಾಣ) ಗುಣಿಸಿ ಎರಡಕ್ಕೂ ಲಂಬವಾದ ಮೂರನೆಯ ಬಾಣ ಎಳೆಯುವ ಲೆಕ್ಕ. ಚಕ್ರವನ್ನೇ ನೋಡಿ, ಅದು ತಿರುಗುವುದು ತನ್ನ ಸಮತಲದಲ್ಲಿ. ನಾವು ಮಾತ್ರ ಅದರ ತಿರುಗುವಿಕೆಯನ್ನು ಅಚ್ಚಿನ ಗುಂಟ ಬಾಣವಾಗಿ ಬರೆಯುತ್ತೇವೆ. ಕಾಗದದ ಮೇಲಷ್ಟೇ ಇರುವ ಲೋಕದಲ್ಲಿ ಆ ಬಾಣಕ್ಕೆ ನಿಲ್ಲಲು ಜಾಗವಿಲ್ಲ. ನಾಲ್ಕು ಆಯಾಮಕ್ಕೆ ಹೋದರೆ ಯಾವ ಲಂಬ ದಿಕ್ಕಿಗೆ ನಿಲ್ಲಬೇಕೆಂದೇ ತಿಳಿಯದು.

ಬಾಣ ಯಾಕೆ, ಸಮತಲದ ತುಂಡನ್ನೇ ಇಟ್ಟುಕೊಳ್ಳೋಣ ಎಂದವರು ಸ್ಟೆಟಿನ್ ಊರಿನ ಶಾಲಾ ಮೇಷ್ಟ್ರು ಹರ್ಮನ್ ಗ್ರಾಸ್‌ಮನ್. ಇದನ್ನು ಹೇಳಿದ 1844ರ ಅವರ ಪುಸ್ತಕವನ್ನು ಓದಿದವರು ಅಷ್ಟಕ್ಕಷ್ಟೆ. ಇಪ್ಪತ್ತು ವರ್ಷ ಕಾದ ಪ್ರಕಾಶಕರು ಸುಮಾರು 600 ಪ್ರತಿಗಳನ್ನು ರದ್ದಿಗೆ ಹಾಕಿದರು. ಮೇಷ್ಟ್ರು ಸಂಸ್ಕೃತದ ಕಡೆ ತಿರುಗಿದರು. ಋಗ್ವೇದಕ್ಕೆ ನಿಘಂಟು ಕಟ್ಟಿದರು, ಜರ್ಮನ್ನಿಗೆ ಅನುವಾದವನ್ನೂ ಮಾಡಿದರು. ಸಂಸ್ಕೃತದಲ್ಲಿ ಹತ್ತಿರ ಹತ್ತಿರ ಎರಡು ಮಹಾಪ್ರಾಣ ಬಂದರೆ ಮೊದಲನೆಯದು ಉಸಿರು ಕಳೆದುಕೊಳ್ಳುತ್ತದೆ, ‘ಭಭೂವ’ ಆಗಬೇಕಾದದ್ದು ‘ಬಭೂವ’ ಆಗುತ್ತದೆ. ಭಾಷಾಶಾಸ್ತ್ರದವರು ಇದನ್ನು ಇಂದಿಗೂ ಗ್ರಾಸ್‌ಮನ್ ನಿಯಮ ಎನ್ನುತ್ತಾರೆ. ಗೌರವ ಡಾಕ್ಟರೇಟೂ ಬಂತು, ಗಣಿತಕ್ಕಲ್ಲ, ಈ ಕೆಲಸಕ್ಕೆ!

1878ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್, ಗ್ರಾಸ್‌ಮನ್ನರ ಬೀಜಗಣಿತವನ್ನು ಗಣಿತಜ್ಞ ಹ್ಯಾಮಿಲ್ಟನ್ನರ ಕ್ವಾಟರ್ನಿಯನ್‌ಗಳ (ತಿರುಗುವಿಕೆಯ ಲೆಕ್ಕಕ್ಕೆ ಒದಗುವ ನಾಲ್ಕು ಭಾಗದ ಸಂಖ್ಯೆಗಳ) ಜೊತೆ ಬೆಸೆದರು. ಈ ಹೊಸ ಲೆಕ್ಕದಲ್ಲಿ ಎರಡು ವೆಕ್ಟರ್ ಗುಣಿಸಿದರೆ ಒಂದು ಸಂಖ್ಯೆಯೂ ಒಂದು ಸಮತಲದ ತುಂಡೂ ಒಟ್ಟಿಗೇ ಹುಟ್ಟುತ್ತವೆ. ಇದರಲ್ಲಿ ನನಗೆ ಇಷ್ಟವಾದ ತಮಾಷೆ ಹೀಗಿದೆ. ಒಂದಕ್ಕೊಂದು ಲಂಬವಾದ, ಒಂದು ಮಾನ ಉದ್ದದ ಎರಡು ವೆಕ್ಟರ್ ತೆಗೆದುಕೊಳ್ಳಿ. ಗುಣಿಸುವಾಗ ಅವನ್ನು ಹಿಂದುಮುಂದು ಮಾಡಿದರೆ ಚಿಹ್ನೆ ಬದಲಾಗುತ್ತದೆ. ಪ್ರತಿಯೊಂದರ ವರ್ಗ 1. ಈಗ ಅವುಗಳ ಗುಣಲಬ್ಧವನ್ನು ಅದರಿಂದಲೇ ಗುಣಿಸಿ: ಬರುವುದು –1. ವರ್ಗ –1 ಆಗುವ ಯಾವುದನ್ನು ಶಾಲೆಯಲ್ಲಿ ‘ಕಾಲ್ಪನಿಕ’ ಸಂಖ್ಯೆ ಎಂದು ಹೆದರಿಸಿ ಕಲಿಸಿದ್ದರೋ ಅದು ಕಣ್ಣೆದುರಿನ ಚಪ್ಪಟೆ ಜಾಗ, ಕಾಲು ಸುತ್ತು ತಿರುಗಿಸುವ ಯಂತ್ರ.

ಕ್ಲಿಫರ್ಡ್ ಮರುವರ್ಷವೇ, 33ರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡರು. ವಿಜ್ಞಾನಿಗಳಾದ ಗಿಬ್ಸ್ ಮತ್ತು ಹೆವಿಸೈಡ್ ವೆಕ್ಟರ್‌ಗಳ ಗುಣಾಕಾರವನ್ನು ಡಾಟ್ (ಸಂಖ್ಯೆ ಕೊಡುವುದು), ಕ್ರಾಸ್ (ಬಾಣ ಕೊಡುವುದು) ಎಂದು ಪಾಲು ಮಾಡಿದರು. ಎಂಜಿನಿಯರುಗಳಿಗೆ ಅದೇ ಸಲೀಸಾಯಿತು, ಪಠ್ಯಪುಸ್ತಕವೂ ಅದೇ ಆಯಿತು. 1966ರಲ್ಲಿ ಅಮೆರಿಕದ ಭೌತವಿಜ್ಞಾನಿ ಡೇವಿಡ್ ಹೆಸ್ಟೆನೆಸ್ ಕ್ಲಿಫರ್ಡರ ಹಳೆಯ ಬೀಜಗಣಿತವನ್ನು ಮತ್ತೆ ಕೆದಕಿದರು. ಅವರ ಭಾಷೆಯಲ್ಲಿ ವಿದ್ಯುತ್ತು-ಕಾಂತಗಳ ನಡವಳಿಕೆ ಹೇಳುವ ಮ್ಯಾಕ್ಸ್‌ವೆಲ್ಲರ ನಾಲ್ಕು ಸಮೀಕರಣ ಒಂದೇ ಸಾಲಿಗೆ ಇಳಿಯುತ್ತದೆ. ಬಿಡಿಸಿ ಲೆಕ್ಕ ಹಾಕಲು ಕೂತರೆ ಮತ್ತೆ ನಾಲ್ಕಾಗುತ್ತದಲ್ಲ ಎಂದು ಗೊಣಗುವವರಿದ್ದಾರೆ. ಗೊಣಗಲಿ, ಅದು ಸುಳ್ಳಲ್ಲ. ಆದರೆ ವಿದ್ಯುತ್ತೂ ಕಾಂತವೂ ಒಂದೇ ಕ್ಷೇತ್ರದ ಎರಡು ಪಾಲು ಎಂಬುದು ಆ ಒಂದು ಸಾಲಿನಲ್ಲಿ ಕಾಣುವಷ್ಟು ನಿಚ್ಚಳವಾಗಿ ನಾಲ್ಕರಲ್ಲಿ ಕಾಣುವುದಿಲ್ಲ.