ನೆಲ ಡೊಂಕು

ಆಟದಲ್ಲಿ ಸೋತ ಹುಡುಗ ಯಂತ್ರವನ್ನು ದೂರಿದರೆ ಯಾವ ತಾತ ನಂಬಿಯಾನು? ನನ್ನ ಮೊಮ್ಮಗ ಮನೆಯ ಕಂಪ್ಯೂಟರಿನಲ್ಲಿ ಕಾರಿನ ಪಂದ್ಯ ಆಡುತ್ತಾನೆ. ಬಯಲು ಕಳೆದು ಊರು ಹೊಕ್ಕಾಗಲೆಲ್ಲ ಪರದೆ ಒಂದು ಕ್ಷಣ ಮುಗ್ಗರಿಸುತ್ತದೆ, ಅಷ್ಟರಲ್ಲಿ ಕಾರು ಗೋಡೆಗೆ ಹಾಯ್ದಿರುತ್ತದೆ ಎಂದು ಅವನ ದೂರು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದುಬಿಟ್ಟೆ, ಅವನ ಗೆಳೆಯರ ಎದುರಿಗೇ. ಹುಡುಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ನನ್ನ ಮಾತಿಗೆ ಆಧಾರವಿಲ್ಲದಿರಲಿಲ್ಲ. ಪರದೆಯ ಮೂಲೆಯಲ್ಲಿ ೬೦ ಎಂಬ ಅಂಕಿ ಹೆಚ್ಚುಕಡಿಮೆ ಅಲುಗದೆ ನಿಂತಿತ್ತು; ಸೆಕೆಂಡಿಗೆ ೬೦ ಚಿತ್ರ ಎಂದು ಅರ್ಥ. ಸಿನಿಮಾಕ್ಕೆ ೨೪ ಸಾಕು. ಟೂರಿಂಗ್ ಟಾಕೀಸಿನ ನೆಲದಲ್ಲಿ ಕುಳಿತು ನಾವು ನೋಡಿದ ರಾಜರಾಣಿಯರೆಲ್ಲ ಆ ೨೪ರಲ್ಲೇ ಬಾಳಿ ಸತ್ತವರು. ಇವನಿಗೆ ೬೦ ಸಾಲದೆ?

ಮೂರನೆಯ ದಿನ ಅವನು ಆಫ್ಟರ್‌ಬರ್ನರ್ ಎಂಬ ಸಲಕರಣೆ ತಂದು ಹಾಕಿ, “ತಾತ, ನೀವೇ ನೋಡಿ” ಎಂದ. ಒಂದೊಂದು ಚಿತ್ರಕ್ಕೂ ಎಷ್ಟು ಹೊತ್ತು ಹಿಡಿಯಿತೆಂದು ಅದು ಗೆರೆ ಎಳೆಯುತ್ತದೆ. ಕೆರೆಯ ನೀರಿನಂತೆ ಸಮನಾಗಿದ್ದ ಗೆರೆ ಊರ ಬಾಗಿಲಲ್ಲಿ ತಾಳೆಮರದಂತೆ ಎದ್ದು ನಿಂತಿತು. ಮೂಲೆಯಲ್ಲಿ ಮಾತ್ರ ಅದೇ ೬೦!

ಕಾಗದ ತೆಗೆದು ಲೆಕ್ಕ ಹಾಕಿದೆ. ಅರವತ್ತೂ ಸಮನಾಗಿ ಬಂದರೆ ಒಂದಕ್ಕೆ ೧೬.೭ ಮಿಲಿಸೆಕೆಂಡು. ಆದರೆ ೫೯ ಚಿತ್ರಗಳು ಹದಿನೈದು ಹದಿನೈದರಂತೆ ೮೮೫ರಲ್ಲಿ ಮುಗಿದು, ಉಳಿದ ಒಂದೇ ಚಿತ್ರ ೧೧೫ನ್ನು ನುಂಗಿದರೂ ಸೆಕೆಂಡಿಗೆ ಅರವತ್ತೇ. ಆ ಒಂದರ ಹೊತ್ತಿಗೆ ಕಾರು ಗೋಡೆ ಮುಟ್ಟಿರುತ್ತದೆ. ಸಿನಿಮಾದ ೨೪ಕ್ಕೆ ಕಣ್ಣು ಒಗ್ಗುವುದು ಅವು ಒಂದೇ ಅಂತರದಲ್ಲಿ ಬರುವುದರಿಂದ. ಅಲ್ಲದೆ ಅಲ್ಲಿ ಚುಕ್ಕಾಣಿ ನಮ್ಮ ಕೈಯಲ್ಲಿಲ್ಲ. ಹೊಳೆಯ ಸರಾಸರಿ ಆಳ ಕಂಡುಹಿಡಿದು ಮಕ್ಕಳನ್ನು ನೀರಿಗಿಳಿಸಿದ ಶಾನುಭೋಗನ ಕತೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿ ನಗಿಸಿದ ಮೇಷ್ಟ್ರು ನಾನು! ಅಮೆರಿಕದ ಸ್ಕಾಟ್ ವಾಸನ್ ಎಂಬ ಪತ್ರಕರ್ತ ೨೦೧೧ರಲ್ಲೇ, ಸೆಕೆಂಡಿನ ಸರಾಸರಿ ಸಾಲದು, ಅದರ ಹೊಟ್ಟೆಯೊಳಗೆ ನೋಡಿ ಎಂದು ಬರೆದಿದ್ದನಂತೆ. ಮೊಮ್ಮಗನಿಗೆ ಗೊತ್ತಿತ್ತು.

ಇನ್ನು ಕಾರಣ. ತಾಳೆಮರ ಎದ್ದಾಗಲೆಲ್ಲ ಯಂತ್ರದ ಮೆಮೊರಿ ಕಂಠಮಟ್ಟ ತುಂಬಿರುತ್ತಿತ್ತು. ಅಡುಗೆಮನೆ ತುಂಬಿದಾಗ ಪಾತ್ರೆಗಳನ್ನು ಅಟ್ಟಕ್ಕೆ ಹಾಕುವುದಿಲ್ಲವೆ? ಹಾಗೆ ಅದು ಕೆಲವನ್ನು ಡಿಸ್ಕಿಗೆ ಸಾಗಿಸುತ್ತದೆ; ಬೇಕಾದಾಗ ಅಟ್ಟ ಹತ್ತಿ ಇಳಿಸುವವರೆಗೆ ಊಟ ನಿಲ್ಲುತ್ತದೆ. ತುಂಬಿದವರು ಯಾರೆಂದು ಹುಡುಕಿದೆವು. ನಾನು ಬೆಳಿಗ್ಗೆಯಿಂದ ತೆರೆದು ಮುಚ್ಚದೆ ಬಿಟ್ಟ ಪುಟಗಳು—ಪತ್ರಿಕೆ, ಪಂಚಾಂಗ, ಮಂಡಿನೋವಿನ ಔಷಧಿ, ಹಳೆಯ ಹಾಡು—ಒಟ್ಟು ನಲವತ್ತಮೂರು!

ಮುಚ್ಚಿ ಅದೇ ಊರು ಹೊಕ್ಕರೆ ಗೆರೆ ತುಸು ತುಳುಕಿತು, ಅಷ್ಟೆ. ಒಂದು ಸಲದ ಸಾಕ್ಷಿ ಸಾಲದೆಂದು ಮತ್ತೆ ಎಲ್ಲ ತೆರೆಸಿದೆ. ತಾಳೆಮರ ಎದ್ದಿತು. ಮತ್ತೆ ಮುಚ್ಚಿದೆ. ಮಲಗಿತು.

ಸಂಜೆ ಅವನ ಗೆಳೆಯರು ಬಂದಾಗ ನಡೆದದ್ದನ್ನು ನಾನೇ ಹೇಳಿದೆ. ಅವರು ನಕ್ಕರು, ಇವನು ನಗಲಿಲ್ಲ, ಆಟಕ್ಕೆ ಕುಳಿತ. ಊರ ಬಾಗಿಲು ನಯವಾಗಿ ದಾಟಿ ಮುಂದಿನ ತಿರುವಿನಲ್ಲಿ ಗೋಡೆಗೆ ಹಾಯ್ದ. ಓರೆಗಣ್ಣಿನಿಂದ ನನ್ನ ಕಡೆ ನೋಡಿದ. ಗಾದೆ ನಾಲಗೆಯ ತುದಿಗೆ ಬಂದಿತ್ತು, ಕಾಫಿಯೊಡನೆ ನುಂಗಿದೆ.