ಬ್ಯಾರೋದ ನಾಲ್ವರು

ಹೊರದೇಶಕ್ಕೆ ಹೊರಟ ತಂಡದ ಪಟ್ಟಿ ಕೈಗೆ ಸಿಕ್ಕರೆ ನೀವು ಮೊದಲು ಹುಡುಕುವುದೇನನ್ನು? ನಮ್ಮೂರಿನವರು ಯಾರಾದರೂ ಇದ್ದಾರೆಯೇ ಎಂದು ತಾನೇ? ನಾಯಕ ಯಾರು, ಎದುರಾಳಿ ಯಾರು ಎನ್ನುವುದೆಲ್ಲ ಆಮೇಲಿನ ಮಾತು. 1946ರಲ್ಲಿ ಗಸ್ ರಿಸ್ಮನ್ ನಾಯಕತ್ವದಲ್ಲಿ ಬ್ರಿಟನ್ನಿನ ರಗ್ಬಿ ಲೀಗ್ ತಂಡ ಆಸ್ಟ್ರೇಲಿಯಾಕ್ಕೆ ಹೊರಟಿತಲ್ಲ, ಅದರ 26 ಆಟಗಾರರಲ್ಲಿ ನಾಲ್ವರು ಬ್ಯಾರೋ ಎಂಬ ಒಂದೇ ಊರಿನ ಕ್ಲಬ್ಬಿನವರು: ವಿಲ್ಲಿ ಹಾರ್ನ್, ಜಿಮ್ ಲೂಥ್ವೇಟ್, ಬ್ರಿನ್ ನೋಲ್ಡನ್, ಜೋ ಜೋನ್ಸ್.

ಬ್ಯಾರೋ ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಹಡಗು ಕಟ್ಟುವ ಊರು. ಮಹಾಯುದ್ಧ ಮುಗಿದು ವರ್ಷ ತುಂಬಿರಲಿಲ್ಲ. ಆಟಗಾರರಿಗೆಂದು ಹಡಗು ಎಲ್ಲಿಂದ ಬರಬೇಕು? ಕೊನೆಗೆ ನೌಕಾಪಡೆಯ ವಿಮಾನವಾಹಕ ನೌಕೆ 'ಇಂಡಾಮಿಟಬಲ್' ಹತ್ತಿಸಿ ಕಳಿಸಿದರು. ಆ ತಂಡವನ್ನು ಇಂದಿಗೂ ಕರೆಯುವುದು ಅದೇ ಹೆಸರಿನಿಂದ. ಆ ನೌಕೆ ಕಟ್ಟಿದ್ದೆಲ್ಲಿ ಎನ್ನುತ್ತೀರಿ? ಇದೇ ಬ್ಯಾರೋದ ವಿಕರ್ಸ್ ಕಾರ್ಖಾನೆಯಲ್ಲಿ! ಊರ ಹುಡುಗರು ಊರ ಹಡಗಿನಲ್ಲೇ ಭೂಗೋಳದ ಆಚೆ ಬದಿಗೆ ಹೋದರು. ಅಂದಹಾಗೆ, ನಮ್ಮ ಐಎನ್‌ಎಸ್ ವಿರಾಟ್ ಕೂಡ 1953ರಲ್ಲಿ ಮೊದಲು ನೀರಿಗಿಳಿದದ್ದು ಅಲ್ಲೇ.

ಇರಲಿ, ಆಟಕ್ಕೆ ಬರೋಣ. ಬರುವ ಮುನ್ನ ಅದು ಹುಟ್ಟಿದ ಬಗ್ಗೆ ಒಂದು ಮಾತು. ಶನಿವಾರ ಕೆಲಸ ಬಿಟ್ಟು ಆಡಲು ಬಂದ ಗಣಿ, ಗಿರಣಿ ಕಾರ್ಮಿಕನಿಗೆ ಆ ದಿನದ ಕೂಲಿಯನ್ನಾದರೂ ಕಟ್ಟಿಕೊಡಬೇಡವೇ? ಈ ಜಗಳದಲ್ಲೇ 1895ರಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು ಹಳೆಯ ರಗ್ಬಿ ಸಂಸ್ಥೆಯಿಂದ ಬೇರೆ ಮನೆ ಹೂಡಿದವು. ಕೂಲಿ ಕೇಳಿದ್ದು ನ್ಯಾಯವೇ ಎಂದು ನಾನಂತೂ ಹೇಳುತ್ತೇನೆ. ಹದಿಮೂರು ಜನರ ರಗ್ಬಿ ಲೀಗ್ ಬೆಳೆದದ್ದು ಆ ಮನೆಯಲ್ಲಿ.

ಸಿಡ್ನಿಯ ಮೊದಲ ಟೆಸ್ಟಿನಲ್ಲಿ ಬ್ರಿಟನ್ನಿನ ಜ್ಯಾಕ್ ಕಿಚಿಂಗ್‌ನನ್ನು ರೆಫರಿ ಹೊರಗೆ ಕಳಿಸಿದ. ಉಳಿದ ಹನ್ನೆರಡು ಜನ ಕಚ್ಚಿ ನಿಂತು 8-8ರ ಸಮ ಮಾಡಿಕೊಂಡರು. ಬ್ರಿಸ್ಬೇನಿನಲ್ಲಿ 14-5, ಮತ್ತೆ ಸಿಡ್ನಿಯಲ್ಲಿ 20-7ರ ಗೆಲುವು. ಒಂದೂ ಟೆಸ್ಟ್ ಸೋಲದೆ ಆಸ್ಟ್ರೇಲಿಯಾದಲ್ಲಿ ಆ್ಯಶಸ್ ಸರಣಿ (ಕ್ರಿಕೆಟ್ಟಿನಂತೆ ಇಲ್ಲೂ ಅದೇ ಹೆಸರು) ಗೆದ್ದ ಬ್ರಿಟಿಷ್ ತಂಡ ಅದೊಂದೇ. ಮೂರನೆಯ ಟೆಸ್ಟ್ ನಡೆದದ್ದು ಜುಲೈ 20ಕ್ಕೆ. ಮಾರನೆಯ ದಿನವೇ ಬ್ರಿಟನ್ನಿನಲ್ಲಿ ಬ್ರೆಡ್ಡಿಗೂ ರೇಷನ್ ಬಂತು. ಯುದ್ಧಕಾಲದಲ್ಲೂ ಇಲ್ಲದಿದ್ದ ರೇಷನ್ ಅದು! ಅಂಥ ಹೊತ್ತಿನಲ್ಲಿ ಈ ಗೆಲುವಿನ ಸುದ್ದಿ ಉತ್ತರದ ಆ ಊರುಗಳಿಗೆ ಎಷ್ಟು ಬೇಕಾಗಿತ್ತು, ನೀವೇ ಯೋಚಿಸಿ.

ನಾಲ್ವರಲ್ಲಿ ಹೆಸರು ಹೆಚ್ಚು ಉಳಿದದ್ದು ವಿಲ್ಲಿ ಹಾರ್ನ್‌ನದು. 1955ರಲ್ಲಿ ಅವನೇ ನಾಯಕನಾಗಿ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಗೆದ್ದು ಬ್ಯಾರೋಗೆ ತಂದ. ಕ್ರೇವನ್ ಪಾರ್ಕ್ ಮೈದಾನದ ಹೊರಗೆ ಅವನ ಪ್ರತಿಮೆಯಿದೆ, ಇರಲೇಬೇಕು. ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಲೂಥ್ವೇಟ್ ಹತ್ತಿರ. ಆ ಪ್ರವಾಸದಲ್ಲಿ ಎಲ್ಲರಿಗಿಂತ ಹೆಚ್ಚು, 25 ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೂರಿ ಅಂಕ ಪಡೆಯುವುದು) ಹೊಡೆದವನು ಅವನು. ಅವನನ್ನು ಒಂದು ಟೆಸ್ಟಿಗೂ ಇಳಿಸಲಿಲ್ಲ. ಗೆದ್ದ ತಂಡವನ್ನು ಆರಿಸಿದವರನ್ನು ಯಾರೂ ಪ್ರಶ್ನಿಸುವುದಿಲ್ಲ, ನಿಜ. ಆದರೂ ಇದು ತಪ್ಪು ಆಯ್ಕೆಯೇ.