ಶಿರೋಳಿಯ ಮಣ್ಣುಕೋಟೆ ಮತ್ತು ಒಬ್ಬ ವೀರನ ಬೆಲೆ

ನಿಪ್ಪಾಣಿಯಿಂದ ಉತ್ತರಕ್ಕೆ ಹೊರಟ ಬಸ್ಸು ಕಾಗಲ, ಗೋಕುಳ ಶಿರಗಾಂವಗಳನ್ನು ದಾಟಿ, ಕೊಲ್ಲಾಪುರ ಪಟ್ಟಣವನ್ನು ಎಡಕ್ಕೆ ಬಿಟ್ಟು ಪಂಚಗಂಗೆಯ ಸೇತುವೆಯನ್ನೇರಿತೆಂದರೆ ಶಿರೋಳಿ ಬಂದಂತೆಯೇ. ಮರಾಠಿಯಲ್ಲಿ ಈ ಊರಿಗೆ 'ಪುಲಾಚಿ ಶಿರೋಳಿ', ಅಂದರೆ ಸೇತುವೆಯ ಶಿರೋಳಿ ಎಂದೇ ಹೆಸರು. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಮತ್ತು ಗುಪ್ತಗಾಮಿನಿ ಸರಸ್ವತಿ ಕೂಡಿ ಪಂಚಗಂಗೆಯಾಯಿತೆಂಬುದು ಜನರ ನಂಬಿಕೆ. ಮುಂದೆ ನರಸೋಬನ ವಾಡಿಯಲ್ಲಿ ಆಕೆ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಗೆ ಹೋಗಿ ಮಿಂದು ಬಾರದ ಕನ್ನಡ ಮನೆತನ ನಮ್ಮ ಸೀಮೆಯಲ್ಲಿ ವಿರಳ.

ನಮ್ಮ ತಂಗಿಯನ್ನು ಕೊಟ್ಟ ಊರು ಶಿರೋಳಿ. 2025ರ ದೀಪಾವಳಿಗೆ ನಾವು ಅಲ್ಲಿಗೆ ಹೋದೆವು. ಹೆದ್ದಾರಿಯ ಬದಿಗೆ ಹಬ್ಬಿರುವ ಕೈಗಾರಿಕಾ ವಸಾಹತಿನಲ್ಲಿ ಎರಕದ ಕಾರಖಾನೆಗಳು ಹೆಜ್ಜೆಹೆಜ್ಜೆಗೂ ಕಾಣುತ್ತವೆ. ರೈತರ ಆಯಿಲ್ ಎಂಜಿನ್ನುಗಳನ್ನು ಮಾಡುತ್ತ ಬೆಳೆದ ಕೊಲ್ಲಾಪುರದ ಎರಕದ ಕಸುಬು ಇಂದು ಮೋಟಾರು ವಾಹನಗಳ ಬಿಡಿಭಾಗಗಳವರೆಗೂ ಬಂದಿದೆ. ತಂಗಿಯ ಮಾವನವರು ಇಂಥದೊಂದು ಫೌಂಡ್ರಿಯಲ್ಲಿ ಮೂವತ್ತು ವರ್ಷ ಮೋಲ್ಡರ್ ಆಗಿ ದುಡಿದವರು. ಮನೆಯೊಳಗೆ ಕನ್ನಡ, ಅಂಗಳದಾಚೆ ಮರಾಠಿ. ನಮ್ಮ ಗಡಿಮನೆಗಳ ರೀತಿಯೇ ಅದು.

ದೀಪಾವಳಿ ಬಂದಿತೆಂದರೆ ಈ ಭಾಗದ ಮಕ್ಕಳು ಅಂಗಳದಲ್ಲಿ ಕಲ್ಲು, ಮಣ್ಣು, ಗೋಣಿತಟ್ಟುಗಳಿಂದ ಕೋಟೆ ಕಟ್ಟುತ್ತಾರೆ. ಬೆಳಗಾವಿಯ ಓಣಿಗಳಲ್ಲಿಯೂ ಈ ಪದ್ಧತಿಯುಂಟು. ಇಳಿಜಾರಿಗೆ ಸಾಸಿವೆಯನ್ನೋ ರಾಗಿಯನ್ನೋ ಬಿತ್ತಿದರೆ ಹಬ್ಬದ ಹೊತ್ತಿಗೆ ಹಸುರು ಚಿಗುರಿ ಅಡವಿಯಾಗುತ್ತದೆ. ತುದಿಯಲ್ಲಿ ಶಿವಾಜಿ ಮಹಾರಾಜರು, ಬುರುಜುಗಳಲ್ಲಿ ಈಟಿ ಹಿಡಿದ ಮಾವಳರು. ಇವರೆಲ್ಲ ಕುಂಬಾರರ ಕೈಯಿಂದ ಬಂದ ಗೊಂಬೆಗಳು.

ತಂಗಿಯ ಮಗನಿಗೆ ಹತ್ತು ವರ್ಷ. ಕೋಟೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವನು ಕಪಾಟಿನ ಮೇಲಿಂದ ಒಂದು ಪೆಟ್ಟಿಗೆಯನ್ನು ಇಳಿಸಿ ನಮ್ಮ ಮುಂದಿಟ್ಟನು. ಪಾರದರ್ಶಕ ಹೊದಿಕೆಯೊಳಗೆ ಕೆಂಪು ನೀಲಿ ಉಡುಪಿನ ಸ್ಪೈಡರ್‌ಮ್ಯಾನ್ ನಿಂತಿದ್ದನು. ಎರಡು ವರ್ಷದ ಹಿಂದೆ ಪುಣೆಯ ಬಂಧುವೊಬ್ಬರು ಕೊಟ್ಟ ಉಡುಗೊರೆ. "ಪೆಟ್ಟಿಗೆ ಒಡೀಬ್ಯಾಡ, ಮುಂದ ಸಾವಿರಾರು ರೂಪಾಯಿ ಬರತಾವು" ಎಂದಿದ್ದರಂತೆ. ಹುಡುಗನು ಅದನ್ನು ಒಂದು ದಿನವೂ ಆಡಿರಲಿಲ್ಲ.

"ಮಾಮಾ, ಇದರ ಬೆಲಿ ಎಷ್ಟಾಗತೈತಿ ಹೇಳ್ರಿ. ಅಕ್ಕಗ ಸಾಯಕಲ್ ತರೂದೈತಿ."

ಅಕ್ಕನು ಹೈಸ್ಕೂಲಿಗೆ ಹೆದ್ದಾರಿಯ ಅಂಚಿನಲ್ಲಿ ನಡೆದು ಹೋಗುವುದನ್ನು ನಾವೂ ಕಂಡಿದ್ದೆವು.

ಇಂಥ ಗೊಂಬೆಗಳನ್ನು ಸಂಗ್ರಹಿಸುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ ನಾವು ಕೆಲವು ಸಂಗತಿಗಳನ್ನು ತಿಳಿದಿದ್ದೆವು. 1964ರಲ್ಲಿ ಅಮೆರಿಕೆಯ ಹ್ಯಾಸ್ಬ್ರೋ ಸಂಸ್ಥೆ ಜಿ.ಐ. ಜೋ ಎಂಬ ಸಿಪಾಯಿಯನ್ನು ಮಾರಾಟಕ್ಕೆ ತಂದಾಗ, ಗೊಂಬೆಯೆಂದರೆ ಗಂಡುಮಕ್ಕಳು ಮುಟ್ಟಲಾರರೆಂದು 'ಆ್ಯಕ್ಷನ್ ಫಿಗರ್' ಎಂಬ ಹೊಸ ಹೆಸರಿಟ್ಟಿತು. ನಮ್ಮ ದೇಶದಲ್ಲಿ 1987ರಲ್ಲಿ ಆರಂಭವಾದ ಫನ್‌ಸ್ಕೂಲ್ ಸಂಸ್ಥೆಯೂ ಅದನ್ನು ತಯಾರಿಸಿತು. ಆಗಿನ ಆ ಸಿಪಾಯಿಗಳನ್ನು ಇಂದು ಹೊರದೇಶದ ಸಂಗ್ರಾಹಕರೂ ಹುಡುಕುತ್ತಾರೆ.

ಬೆಲೆ ಕಟ್ಟುವವರು ಮೊದಲು ಪೆಟ್ಟಿಗೆಯ ಮೂಲೆಗಳು ಮಡಿಚಿವೆಯೇ, ಹೊದಿಕೆ ಹಳದಿಗಟ್ಟಿದೆಯೇ ಎಂದು ನೋಡುತ್ತಾರೆ. ಅನಂತರ ಕೀಲುಗಳ ಬಿಗಿ, ಬಣ್ಣದ ಅಂಚು, ಜೊತೆಗಿನ ಸಾಮಾನು. ಬೆನ್ನಿನ ಮೇಲೋ ಪಾದದಡಿಯೋ ಸಂಸ್ಥೆಯ ಹೆಸರು, ದೇಶ, ಇಸವಿಗಳ ಮುದ್ರೆಯಿರುತ್ತದೆ. ಆ ಇಸವಿಯು ಹೆಚ್ಚಾಗಿ ಹಕ್ಕಿನದು, ತಯಾರಿಕೆಯದಲ್ಲ. ಬರಿಯ ಇಸವಿಯನ್ನು ನಂಬಿ ಹಳೆಯದೆಂದು ಕೊಂಡವರು ಮೋಸಹೋಗುತ್ತಾರೆ. ಅಕ್ಷರದೋಷವಿರುವ ಪೆಟ್ಟಿಗೆ, ಮಸುಕಾದ ಮುದ್ರೆ, ಗೆರೆ ಮೀರಿದ ಬಣ್ಣ ನಕಲಿಯ ಗುರುತುಗಳು.

ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದೆವು. ಹೆಸರಿನಲ್ಲಿಯೇ ಒಂದು ಅಕ್ಷರ ತಪ್ಪಿತ್ತು. ಸಂಸ್ಥೆಯ ಮುದ್ರೆ ಎಲ್ಲಿಯೂ ಇರಲಿಲ್ಲ. ಹೇಳಲು ನಾಲಗೆ ಏಳಲಿಲ್ಲ. ಪೆಟ್ಟಿಗೆಯನ್ನು ಹಿರಿಯರ ಕೈಗೆ ಕೊಟ್ಟೆವು. ಅವರು ಕನ್ನಡಕ ಏರಿಸಿ ತೋಳಿನುದ್ದಕ್ಕೂ ನೋಡಿದರು.

"ನೋಡ್ರಿ ಮಾಸ್ತರ, ಅಚ್ಚಿನ ಎರಡೂ ಹೋಳು ಸರಿ ಕೂಡಿಲ್ಲ. ಗೆರಿ ಎದ್ದೈತಿ, ಅದನ್ನ ಕೆರೆದೂ ಇಲ್ಲ. ನಮ್ಮ ಫೌಂಡ್ರ್ಯಾಗ ಇಂಥಾ ಮಾಲು ಬಂದ್ರ ತಿರುಗಿ ಭಟ್ಟಿಗೆ ಹಾಕತಿದ್ವಿ."

ಹುಡುಗನ ಮುಖ ಬಾಡಿತು. ಹಿರಿಯರು ಒಳಗೆ ಹೋಗಿ ಅರಿವೆಯಲ್ಲಿ ಸುತ್ತಿದ್ದ ಒಂದು ವಸ್ತುವನ್ನು ತಂದರು. ಗೇಣುದ್ದದ ಅಲ್ಯುಮಿನಿಯಮ್ ಮಾವಳ. ಮಗನು ಚಿಕ್ಕವನಿದ್ದಾಗ, ಮಾಲೀಕರ ಅಪ್ಪಣೆ ಪಡೆದು, ಕುಂಬಾರರ ಮಣ್ಣಿನ ಗೊಂಬೆಯನ್ನೇ ಮಾದರಿಯಾಗಿ ಮರಳಿನಲ್ಲಿ ಒತ್ತಿ, ಉಳಿಕೆ ಲೋಹದಿಂದ ಎರೆದದ್ದು. ಅದರ ಮೈಯಲ್ಲಿಯೂ ಅಚ್ಚಿನ ಗೆರೆಯಿತ್ತು. ಈಟಿ ಮುರಿದಿತ್ತು. ಲೋಹ ಹರಿದ ದಾರಿಯನ್ನು ಕತ್ತರಿಸಿದ ಗುರುತು ಪಾದದಡಿ ಉಳಿದಿತ್ತು.

2021ರ ಜುಲೈಯಲ್ಲಿ ಪಂಚಗಂಗೆ ಉಕ್ಕಿ ಶಿರೋಳಿಯ ಬಳಿ ಹೆದ್ದಾರಿಯೇ ಮುಳುಗಿತು. 2019ರ ಆಗಸ್ಟಿನಲ್ಲಿಯೂ ಹಾಗೆಯೇ ಆಗಿ ದಿನಗಟ್ಟಲೆ ಸಂಚಾರ ನಿಂತಿತ್ತು. ತಗ್ಗಿನ ಈ ಮನೆಗೂ ನೀರು ನುಗ್ಗಿತು. ಸುಡದ ಮಣ್ಣಿನ ಗೊಂಬೆ ನೀರು ಕಂಡರೆ ಮರಳಿ ಮಣ್ಣೇ. ವರ್ಷವರ್ಷವೂ ಕೂಡಿಸಿಟ್ಟ ದಂಡು ಪೆಟ್ಟಿಗೆಯೊಳಗೇ ಕರಗಿ ಹೋಗಿತ್ತು. ಕೆಸರನ್ನು ಬಳಿಯುವಾಗ ಸಿಕ್ಕವನು ಈ ಮಾವಳನೊಬ್ಬನೇ.

ಮರುದಿನ ಎಲ್ಲರೂ ಪನ್ಹಾಳಗಡಕ್ಕೆ ಹೋದೆವು. ಕೊಲ್ಲಾಪುರದಿಂದ ಸುಮಾರು ಇಪ್ಪತ್ತು ಕಿಲೋಮೀಟರು. 2025ರ ಜುಲೈಯಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮರಾಠರ ಹನ್ನೆರಡು ಕೋಟೆಗಳಲ್ಲಿ ಇದೂ ಒಂದು. 1660ರಲ್ಲಿ ಸಿದ್ದಿ ಜೌಹರನ ಮುತ್ತಿಗೆಯಿಂದ ಶಿವಾಜಿ ಮಹಾರಾಜರು ಮಳೆಗಾಲದ ರಾತ್ರಿ ಇಲ್ಲಿಂದಲೇ ಪಾರಾಗಿ ವಿಶಾಳಗಡದತ್ತ ಹೊರಟರು. ಕಣಿವೆಯಲ್ಲಿ ಶತ್ರುವನ್ನು ತಡೆದು ಮಡಿದ ಬಾಜಿ ಪ್ರಭುವಿನ ಪ್ರತಿಮೆ ಗಡದ ಮೇಲಿದೆ. ಶಿವಾ ಕಾಶಿದನ ಪ್ರತಿಮೆಯೂ ಇದೆ. ಮಹಾರಾಜರನ್ನು ಹೋಲುತ್ತಿದ್ದ ಈ ಕ್ಷೌರಿಕನು ಅವರ ವೇಷ ಧರಿಸಿ ಪಲ್ಲಕ್ಕಿಯಲ್ಲಿ ಕುಳಿತು ವೈರಿಗಳ ಕೈಗೆ ಸಿಕ್ಕಿ ಪ್ರಾಣ ಕೊಟ್ಟನೆಂದು ಇತಿಹಾಸ ಹೇಳುತ್ತ ಬಂದಿದೆ.

ಈ ಕಥೆಯನ್ನು ಹೇಳಿದಾಗ ಹುಡುಗನು ಬಹಳ ಹೊತ್ತು ಸುಮ್ಮನಿದ್ದನು.

"ಹಂಗಾರ ಇವನೂ ಡೂಪ್ಲಿಕೇಟ್ ಅಲ್ಲೇನು, ಅಜ್ಜಾ?"

"ವೇಷಾ ಮಹಾರಾಜರದು, ತಮ್ಮಾ. ಕೊಟ್ಟ ಜೀವಾ ಅವಂದs."

ನಾವು ಅದಕ್ಕೆ ಒಂದು ಮಾತನ್ನೂ ಸೇರಿಸಲಿಲ್ಲ. ನಕಲಿ ಮಾಲು ಮಾಡಿದವನಿಗೆ ಈ ಮಾತು ಸಮರ್ಥನೆಯಾಗದು. ಆದರೆ ಆ ಹುಡುಗನಿಗೆ ಬೇಕಾದದ್ದು ಅದರಲ್ಲಿತ್ತು.

ಸಂಜೆ ಮನೆಗೆ ಬಂದವನೇ ಪೆಟ್ಟಿಗೆಯನ್ನು ಒಡೆದನು. ತಂಗಿ ತಡೆಯಲು ಎದ್ದವಳು ಮಾವನವರ ಮುಖ ನೋಡಿ ಕುಳಿತಳು. ಒಂದು ಮೊಣಕಾಲಿನ ಕೀಲು ಸಡಿಲವಿದ್ದುದರಿಂದ ವೀರನು ನಿಲ್ಲಲೊಲ್ಲ. ಹುಡುಗನು ಅವನನ್ನು ಕೋಟೆಯ ಗೋಡೆಗೆ ಆನಿಸಿ, ಹತ್ತುತ್ತಿರುವಂತೆ ಕೂರಿಸಿದನು. ಮುರಿದ ಈಟಿಯ ಮಾವಳನು ಮಹಾದ್ವಾರದಲ್ಲಿ ನಿಂತನು. ಪಕ್ಕದ ಮನೆಯ ಮಕ್ಕಳೂ ಬಂದರು. ಎರಡು ವರ್ಷ ಕಪಾಟಿನ ಮೇಲೆ ಸುಮ್ಮನೆ ನಿಂತವನು ಅಂದು ಹತ್ತು ಕೈಗಳಿಗೆ ಹೋಗಿ ಬಂದನು.

ಸೈಕಲ್ಲಿನ ಮಾತು ಮುಂದಿನ ಪಗಾರಕ್ಕೆ ಹೋಯಿತು. ಅದರಲ್ಲಿ ಸ್ವಲ್ಪ ಪಾಲನ್ನು ಸೋದರಮಾವನ ಲೆಕ್ಕಕ್ಕೆ ಹಚ್ಚಿರಿ ಎಂದು ತಂಗಿಗೆ ಹೇಳಿ ನಾವು ಬಸ್ಸು ಹತ್ತಿದೆವು. ಸೇತುವೆಯ ಕೆಳಗೆ ಪಂಚಗಂಗೆ ಅಂದು ಶಾಂತಳಾಗಿ ಹರಿಯುತ್ತಿದ್ದಳು.